ಸ್ವೈಪ್ ಮೆಷಿನ್ ಚೀಟಿಯಲ್ಲಿ ವ್ಯಾಪಾರದ ನಾಡಿ ನೋಡುವುದು

ಮಡಿಕೇರಿಯಲ್ಲಿ ನನ್ನದು ಕಾಫಿಪುಡಿ, ಜೇನು, ಕಾಳುಮೆಣಸಿನ ಅಂಗಡಿ. ರಾತ್ರಿ ಸ್ವೈಪ್ ಮೆಷಿನ್ ಕೊಡುವ ಸೆಟಲ್‌ಮೆಂಟ್ ಚೀಟಿಯನ್ನು (ಆ ದಿನದ ಕಾರ್ಡ್ ವ್ಯಾಪಾರದ ಒಟ್ಟು ಲೆಕ್ಕ) ಮೊದಲು ಸುಮ್ನೆ ಬಿಸಾಡುತ್ತಿದ್ದೆ. ಈಗ ನೋಟ್‌ಬುಕ್ಕಿಗೆ ಇಳಿಸುತ್ತೇನೆ.

ಎರಡೇ ಅಂಕಿ ಸಾಕು: ಎಷ್ಟು ಬಿಲ್, ಒಟ್ಟು ಎಷ್ಟು ಹಣ. 40 ಬಿಲ್‌ಗೆ 24,000 ರೂಪಾಯಿ ಆದರೆ ಸರಾಸರಿ 600. ಒಟ್ಟು ಏರಿದರೂ ಸರಾಸರಿ ಇಳಿದರೆ, ಜನ ಬರುತ್ತಿದ್ದಾರೆ, ಆದರೆ ಕೈ ಬಿಗಿ ಹಿಡಿದಿದ್ದಾರೆ. ಯುಪಿಐ, ನಗದು ಬೇರೆ ಕಾಲಂನಲ್ಲಿರಲಿ. ಕಾರ್ಡ್ ಲೆಕ್ಕ ಇಳಿದಾಗ ವ್ಯಾಪಾರವೇ ಬಿತ್ತು ಅಂತ ನಾನೊಮ್ಮೆ ಹೆದರಿದ್ದೆ. ಗಿರಾಕಿಗಳು ಕ್ಯೂಆರ್ ಕಡೆ ಹೋಗಿದ್ದರು, ಅಷ್ಟೇ!

ಹೋಲಿಸುವಾಗಲೇ ಜಾಸ್ತಿ ಎಡವುವುದು. ಜುಲೈ ಮಳೆಯನ್ನು ಮೇ ರಜೆಯ ಜೊತೆ ತೂಗಿದರೆ ಏನು ಸಿಗುತ್ತದೆ? ಹೋದ ವರ್ಷದ ಜುಲೈ ಜೊತೆ ನೋಡಿ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಒಮ್ಮೆ ನವೆಂಬರ್, ಒಮ್ಮೆ ಡಿಸೆಂಬರ್‌ನಲ್ಲಿ ಬರುತ್ತದಲ್ವಾ, ಆ ಎರಡು ತಿಂಗಳನ್ನು ಕೂಡಿಸಿಯೇ ಹೋಲಿಸಿ. ಪುಡಿಯ ಬೆಲೆ ಏರಿದ್ದರೆ ಅದನ್ನೂ ಕಳೆಯಿರಿ. ಗಾಳಿಮಳೆಗೆ ನೆಟ್‌ವರ್ಕ್ ಹೋದ ದಿನಕ್ಕೆ ಕೆಂಪು ಗುರುತು ಹಾಕಿ.

ದೇಶದ ಲೆಕ್ಕ ಬೇಕಾದರೆ ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳು ಕಾರ್ಡ್ ಅಂಕಿಅಂಶ ಪ್ರಕಟಿಸುತ್ತದೆ. ಅಂಗಡಿಯಲ್ಲಿ ಉಜ್ಜಿದ್ದು, ಆನ್‌ಲೈನ್‌ನಲ್ಲಿ ಕೊಟ್ಟದ್ದು ಬೇರೆ ಬೇರೆ ಇರುತ್ತದೆ. ಬ್ಯಾಂಕುವಾರು ಲೆಕ್ಕ ಅದು, ಅದರಲ್ಲಿ ಮಡಿಕೇರಿಯನ್ನು ಹುಡುಕಬೇಡಿ.