ಹಳೇ ಕಾರು ಮಕ್ಕಳ ಕೈಗೆ: ಬಣ್ಣ ಬಳಿಸುವ ಮೊದಲು, ಬಳಿಸುವಾಗ, ಬಳಿಸಿದ ಮೇಲೆ

ಮನೆಗೆ ಹೊಸ ಕಾರು ಬಂತು ಅಂದರೆ ಹಳೆಯದರ ಗತಿ ಏನು? ತುಮಕೂರಿನಲ್ಲಿ ಈಗ ಇದಕ್ಕೆ ಉತ್ತರ ಬೇಗ ಸಿಗುತ್ತದೆ. ಮಾರೋಣ ಎಂದು ಹೊರಟರೆ ಬ್ರೋಕರ್ ಹೇಳುವ ರೇಟಿಗೆ ಹೊಟ್ಟೆ ಉರಿಯುತ್ತದೆ. ‘ಬಿಡು, ಹುಡುಗಿ ಕಾಲೇಜಿಗೆ ಸೇರ್ತಾಳಲ್ಲ, ಅವಳೇ ಓಡಿಸ್ಲಿ’ ಎಂದು ಅಪ್ಪ ತೀರ್ಮಾನ ಮಾಡುತ್ತಾರೆ. ಹುಡುಗಿ ಹಾಕುವ ಷರತ್ತು ಒಂದೇ: ‘ಅಪ್ಪಾ, ಈ ಬಣ್ಣ ಮಾತ್ರ ಬೇಡ.’

ಎಡವಟ್ಟು ಶುರುವಾಗುವುದು ಇಲ್ಲೇ. ಮಾರನೇ ದಿನವೇ ಕಾರು ರಸ್ತೆ ಬದಿಯ ಪೇಂಟಿಂಗ್ ಶೆಡ್‌ನಲ್ಲಿ ನಿಂತಿರುತ್ತದೆ. ಮೊದಲು ಬಣ್ಣ, ದುಡ್ಡು ಉಳಿದರೆ ಟೈರು, ಕೊನೆಗೆ ಲೈಸೆನ್ಸು. ಇದೇ ಕ್ರಮದಲ್ಲಿ ಹೋಗಿ ಪೇಚಿಗೆ ಸಿಕ್ಕ ಮನೆಗಳನ್ನು ಸುಮಾರು ನೋಡಿದ್ದೇನೆ. ಆಗಬೇಕಾದದ್ದು ಇದರ ಉಲ್ಟಾ.

ಹಂತ 1: ವಯಸ್ಸು, ಲೈಸೆನ್ಸು

ಕಾರು ಓಡಿಸಲು 18 ತುಂಬಿರಬೇಕು, ಅಷ್ಟೇ. 16ಕ್ಕೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ದ್ವಿಚಕ್ರ ವಾಹನದ ಲೈಸೆನ್ಸು ಮಾತ್ರ. ನಿಮ್ಮ ಮನೆಯ ಸ್ಕೂಟರ್ 100 ಸಿಸಿಯೋ 125 ಸಿಸಿಯೋ ಇರುತ್ತದೆ, ಅದಕ್ಕೂ ಆ ಲೈಸೆನ್ಸು ಸಾಲದು. ‘ಇಲ್ಲೇ ಎಸ್.ಎಸ್. ಪುರಂ ಟ್ಯೂಷನ್‌ಗೆ ತಾನೆ’ ಎನ್ನಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಸೆಕ್ಷನ್ ಬಂದಿದೆ. 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ ಕೇಸು ಬೀಳುವುದು ಅಪ್ಪ-ಅಮ್ಮನ ಅಥವಾ ವಾಹನದ ಮಾಲೀಕರ ಮೇಲೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ.

18 ತುಂಬಿದ ಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸು) ಮಾಡಿಸಿ. ಅದು 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್, ಅಂದರೆ ಪೂರ್ತಿ ಲೈಸೆನ್ಸಿನ ಟೆಸ್ಟ್‌ಗೆ ಹೋಗಬಹುದು. ಅಲ್ಲಿಯವರೆಗೆ ಪಕ್ಕದ ಸೀಟಿನಲ್ಲಿ ಡಿಎಲ್ ಇರುವವರು ಕೂತಿರಬೇಕು. ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ‘ಎಲ್’ ಬೋರ್ಡ್ ಇರಬೇಕು. ‘ನನಗೆ ನಾಚಿಕೆ ಆಗುತ್ತೆ’ ಅಂತಾರೆ ಮಕ್ಕಳು. ಆಗಲಿ ಬಿಡಿ.

ಹಂತ 2: ಆರ್‌ಸಿ, ಇನ್ಶೂರೆನ್ಸು

ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ ತೆಗೆದು ತಾರೀಕು ನೋಡಿ. 15 ವರ್ಷ ಮುಗಿಯುತ್ತಾ ಬಂದಿದ್ದರೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. ಮತ್ತೆ 5 ವರ್ಷ ಸಿಗುತ್ತದೆ. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದು ಮಾಮೂಲಿ. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫಾರಂ 35 ತಂದು ಅದನ್ನು ತೆಗೆಸಿ.

ಮಗಳ ಹೆಸರಿಗೆ ಮಾಡಿಸಬೇಕಾ? ಡಿಎಲ್ ಕೈಗೆ ಬಂದ ಮೇಲೆ ಮಾಡಿಸಿ, ಅದಕ್ಕೆ ಮೊದಲು ಬೇಡ. ಅದಕ್ಕೆ ಫಾರಂ 29 ಮತ್ತು 30 ಕೊಡಬೇಕು. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸು ಕಂಪನಿಗೂ ತಿಳಿಸಿ. ಕ್ಲೈಮ್ ಮಾಡದೆ ಕೂಡಿಟ್ಟ ನೋ ಕ್ಲೈಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅಪ್ಪನದು, ಕಾರಿನದಲ್ಲ. ಅಪ್ಪ ಅದನ್ನು ಹೊಸ ಕಾರಿಗೆ ಬಳಸಿಕೊಳ್ಳಬಹುದು. ಮಗಳು ಸೊನ್ನೆಯಿಂದ ಶುರು ಮಾಡಬೇಕು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ಕಾರು ಅಪ್ಪನ ಹೆಸರಲ್ಲಿದ್ದು ಓಡಿಸುವುದು ಮಗಳಾದರೆ, ಆ ದುಡ್ಡು ಅವಳಿಗೆ ಅನ್ವಯಿಸುವುದಿಲ್ಲ.

ಹಂತ 3: ಟೈರು, ಬ್ರೇಕು, ಏರ್‌ಬ್ಯಾಗು

ಬಣ್ಣಕ್ಕೆ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆ ಆಳವಾಗೇ ಇದ್ದರೂ ಅಷ್ಟು ಹಳೇ ರಬ್ಬರ್ ಬೇಡ. ನಮ್ಮಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕಿಂತ ಹಳೇ ಕಾರಿನ ಕಡಿಮೆ ಬೆಲೆಯ ಮಾಡೆಲ್‌ನಲ್ಲಿ ಎರಡೂ ಇಲ್ಲದಿರಬಹುದು. ಎಬಿಎಸ್ ಇಲ್ಲದ ಕಾರಿನಲ್ಲಿ ಬ್ರೇಕ್ ಒತ್ತಿ ಹಿಡಿದರೆ ಚಕ್ರ ಲಾಕ್ ಆಗಿ ಕಾರು ಜಾರುತ್ತದೆ ಅನ್ನುವುದನ್ನು ಖಾಲಿ ಲೇಔಟ್ ರಸ್ತೆಯಲ್ಲಿ, ನಿಧಾನದಲ್ಲಿ, ಮಕ್ಕಳಿಗೆ ತೋರಿಸಿ.

ಹಂತ 4: ಯಾವ ಬಣ್ಣ?

ಮನೆಯಲ್ಲಿ ಯುದ್ಧ ನಡೆಯುವುದು ಇಲ್ಲಿ. ಮಗನಿಗೆ ಮ್ಯಾಟ್ ಕಪ್ಪು ಬೇಕು. ಅಜ್ಜಿ ‘ಕಪ್ಪು ಬ್ಯಾಡ ಕಣಪ್ಪ, ಶನಿ’ ಅಂತಾರೆ. ಮಗಳಿಗೆ ಕೆಂಪು. ಅಪ್ಪನಿಗೆ ಮರುಮಾರಾಟದ ಚಿಂತೆ, ಅದಕ್ಕೆ ಬಿಳಿ.

ನನ್ನ ಮಾತು ಕೇಳುವುದಾದರೆ, ಕಂಪನಿಯಿಂದ ಬಂದ ಬಣ್ಣವನ್ನೇ ಮತ್ತೆ ಹೊಡೆಸಿ. ಬಣ್ಣ ಬದಲಿಸಿದರೆ ಹೊರಗಡೆ ಮಾತ್ರ ಹೊಡೆದರೆ ಸಾಲದು. ಬಾಗಿಲ ಒಳ ಅಂಚು, ಡಿಕ್ಕಿಯ ಬಾಯಿ, ಬಾನೆಟ್ ಕೆಳಗೆ, ಎಲ್ಲಾ ಕಡೆ ಹಳೇ ಬಣ್ಣ ಇಣುಕುತ್ತದೆ. ಅದನ್ನೆಲ್ಲ ಬಿಚ್ಚಿ ಸರಿಯಾಗಿ ಮಾಡಿಸುವ ಖರ್ಚು ಆ ಕಾರಿನ ಬೆಲೆಗೆ ಹೊಂದುವುದಿಲ್ಲ. ಬದಲಿಸಲೇಬೇಕು ಅಂತ ಹಟ ಹಿಡಿದರೆ ಸಾದಾ ಬಿಳಿ ಒಳ್ಳೆಯದು. ಬಿಸಿಲಿನಲ್ಲಿ ಕಡಿಮೆ ಕಾಯುತ್ತದೆ, ಹೊಸದಾಗಿ ಕಲಿಯುವವರು ಮಾಡುವ ಗೀರು ಕಡಿಮೆ ಕಾಣುತ್ತದೆ, ಟಚಪ್ ಸುಲಭ. ಕೆಂಪು ಶಿರಾ, ಪಾವಗಡದ ಬಿಸಿಲಿಗೆ ಬೇಗ ಮಾಸುತ್ತದೆ. ಕಪ್ಪಿನ ಮೇಲೆ ಒಣ ಬಟ್ಟೆ ಎಳೆದರೂ ಗೆರೆ ಕಾಣುತ್ತದೆ. ಸಿಲ್ವರ್ ನೋಡಲು ಚೆನ್ನ, ಆದರೆ ಟಚಪ್ ಮಾಡಿದರೆ ಹೊಂದಿಸುವುದು ಕಷ್ಟ. ಮಿಲಿಟರಿ ಹಸಿರು ಬೇಡವೇ ಬೇಡ. ಆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಕ್ಕೆ ಮಾತ್ರ ಅಂತ ಕೇಂದ್ರ ಮೋಟಾರು ವಾಹನ ನಿಯಮ 121 ಹೇಳುತ್ತದೆ. ಜೀಪ್ ಇರುವವರು ಇದನ್ನು ಎರಡು ಸಲ ಓದಿ.

ಸ್ಟಿಕ್ಕರ್ ಅಂಟಿಸಿ ಬಣ್ಣ ಬದಲಿಸುವ ರ್‍ಯಾಪ್ ಬಗ್ಗೆ ಕೇಳುತ್ತಾರೆ. ಹಳೇ ಕಾರಿಗೆ ಬೇಡ. ಅದನ್ನು ಕೀಳುವಾಗ ಕೆಳಗಿನ ಸಡಿಲ ಬಣ್ಣವೂ ಜೊತೆಗೇ ಬರುತ್ತದೆ.

ಹಂತ 5: ಪೇಂಟಿಂಗ್ (ಎಲ್ಲರೂ ಕೆಡಿಸುವುದು ಇದನ್ನೇ)

ಬಣ್ಣ ಕೆಡುವುದು ಬಣ್ಣದಿಂದಲ್ಲ, ಅದರ ಕೆಳಗಿನ ಕೆಲಸದಿಂದ. ಬಣ್ಣ ಹೊಡೆಯುವುದು ಒಂದು ದಿನದ ಕೆಲಸ. ಅದಕ್ಕೆ ಮೊದಲಿನ ತಯಾರಿಗೆ ಎಷ್ಟೋ ದಿನ ಬೇಕು. ‘ಸಾರ್, ನಾಳೆ ಸಂಜೆಗೆ ಗಾಡಿ ರೆಡಿ’ ಅನ್ನುವ ಶೆಡ್‌ನಿಂದ ಹಾಗೇ ವಾಪಸ್ ಬನ್ನಿ. ಆಯುಧಪೂಜೆಗೆ ಮುಂಚಿನ ಹದಿನೈದು ದಿನವೂ ಹೋಗಬೇಡಿ. ಆಗ ಎಲ್ಲಾ ಶೆಡ್‌ಗಳಲ್ಲೂ ಗಾಡಿ ಸಾಲುಗಟ್ಟಿರುತ್ತವೆ, ಯಾವ ಮೇಸ್ತ್ರಿಗೂ ತಗ್ಗಿಗೆ ತುಂಬುವ ಪುಟ್ಟಿ ಒಣಗುವವರೆಗೆ ಕಾಯುವಷ್ಟು ಪುರುಸೊತ್ತಿರುವುದಿಲ್ಲ.

ಮೊದಲು ತುಕ್ಕು ಹುಡುಕಿ. ಫ್ರಿಜ್‌ಗೆ ಅಂಟಿಸುವ ಚಿಕ್ಕ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಮೂಲೆ, ಇಲ್ಲೆಲ್ಲ ಆಡಿಸಿ. ಎಲ್ಲಿ ಮ್ಯಾಗ್ನೆಟ್ ಹಿಡಿಯದೆ ಜಾರುತ್ತದೋ ಅಲ್ಲಿ ಹಿಂದೆ ಯಾರೋ ದಪ್ಪ ಪುಟ್ಟಿ ತುಂಬಿದ್ದಾರೆ ಎಂದರ್ಥ. ಬಂಪರ್ ಪ್ಲಾಸ್ಟಿಕ್ಕು, ಅಲ್ಲಿ ಅಂಟುವುದಿಲ್ಲ, ಗಾಬರಿ ಬೇಡ. ಒಳಗಿನ ಮ್ಯಾಟ್ ಎತ್ತಿ ನೆಲವನ್ನೂ ನೋಡಿ. ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿ ಮುಚ್ಚಿದರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅಂಥ ಕಡೆ ನೀವು ಬೆರಳು ತೋರಿಸಿದರೆ ಮೇಸ್ತ್ರಿಯ ಉತ್ತರ ಹೀಗಿರುತ್ತದೆ: ‘ಅದೇನಿಲ್ಲ ಸಾರ್, ಒಂದು ಪುಟ್ಟಿ ಎಳೆದ್ರೆ ಕಾಣಲ್ಲ.’ ಕಾಣಲ್ಲ, ನಿಜ, ಒಂದು ಮಳೆಗಾಲದವರೆಗೆ. ತೂತು ಬಿದ್ದ ತಗಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಮೇಲ್ಮೈ ತುಕ್ಕಾದರೆ ತಗಡು ಹೊಳೆಯುವವರೆಗೆ ಉಜ್ಜಿ ತುಕ್ಕು ತಡೆಯುವ ಪ್ರೈಮರ್ (ಬಣ್ಣದ ಕೆಳಗಿನ ಪದರ) ಹಾಕಿಸಿ.

ಆಮೇಲೆ ಟಿಂಕರಿಂಗ್. ತಗ್ಗು ಬಿದ್ದಿದ್ದನ್ನು ಸುತ್ತಿಗೆಯಿಂದ ಆದಷ್ಟು ಎತ್ತಬೇಕು. ಎತ್ತದೆ ಪುಟ್ಟಿಯಲ್ಲೇ ತುಂಬಿಸುವುದು ಶೆಡ್‌ನವರ ಶಾರ್ಟ್‌ಕಟ್. ಪುಟ್ಟಿ ಪೇಪರ್ ದೋಸೆ ಥರ ತೆಳ್ಳಗಿರಬೇಕು. ಎರಡು ಮೂರು ಮಿಲಿಮೀಟರ್ ದಾಟಿದರೆ ನಮ್ಮ ರಸ್ತೆಯ ಹಂಪ್‌ಗಳಿಗೆ ಬಿರುಕು ಬಿಡುತ್ತದೆ. ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸುವಾಗ ನಿಂತು ನೋಡಿ. ನೂರು ಗ್ರಾಂಗೆ ಸುಮಾರು ಎರಡು ಗ್ರಾಂ ಸಾಕು. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ, ತಿಂಗಳ ನಂತರ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಎದ್ದು ಬರುತ್ತದೆ.

ಈಗ ಮುಖ್ಯವಾದದ್ದು. ಪುಟ್ಟಿಯನ್ನು ಒಣಗಿಸಿ, ಒಣದಾಗಿಯೇ ಉಜ್ಜಬೇಕು. ನಮ್ಮ ಬಹಳಷ್ಟು ಶೆಡ್‌ಗಳಲ್ಲಿ ಬಕೆಟ್ಟು ನೀರು ಇಟ್ಟುಕೊಂಡು ವಾಟರ್ ಪೇಪರ್‌ನಲ್ಲಿ ತಿಕ್ಕುತ್ತಾರೆ. ಧೂಳು ಏಳಲ್ಲ, ಕೆಲಸ ಬೇಗ ಆಗುತ್ತದೆ. ಆದರೆ ಪುಟ್ಟಿ ನೀರು ಕುಡಿಯುತ್ತದೆ. ಆ ನೀರಿನ ಮೇಲೆ ಪ್ರೈಮರ್, ಬಣ್ಣ ಬಿದ್ದು ಮುಚ್ಚಿಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಆವಿಯಾಗಿ ಮೇಲೇಳುವಾಗ ಬಣ್ಣ ಗುಳ್ಳೆ ಗುಳ್ಳೆ ಆಗುತ್ತದೆ. ‘ಪೇಂಟ್ ಕ್ವಾಲಿಟಿ ಸರಿ ಇಲ್ಲ’ ಎಂದು ದೂರುವವರಲ್ಲಿ ಸುಮಾರು ಜನರ ಸಮಸ್ಯೆ ಇದೇ. ಒರಟಾದ 80ರ ಎಮರಿ ಪೇಪರ್‌ನಿಂದ ಶುರು ಮಾಡಿ 180, ಆಮೇಲೆ ನಯವಾದ 320. ನೀರು ಬಳಸುವುದು ಪ್ರೈಮರ್ ಹಾಕಿ ಒಣಗಿದ ಮೇಲೆ, 600 ಅಥವಾ 800ರ ಪೇಪರ್‌ನಲ್ಲಿ.

ಪ್ರೈಮರ್ ಆದಮೇಲೆ ತಗ್ಗು ಉಳಿದಿದೆಯಾ ಎಂದು ತಿಳಿಯಲು ಒಳ್ಳೇ ಮೇಸ್ತ್ರಿಗಳು ಒಂದು ಉಪಾಯ ಮಾಡುತ್ತಾರೆ. ಕಪ್ಪು ಬಣ್ಣವನ್ನು ತೆಳ್ಳಗೆ ಚಿಮುಕಿಸಿ ಮೇಲೆ ಉಜ್ಜುತ್ತಾರೆ. ಸಮ ಇರುವ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನಿಮ್ಮವರು ಮಾಡದಿದ್ದರೆ ಕೇಳಿ ಮಾಡಿಸಿ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿದರೂ ಗೊತ್ತಾಗುತ್ತದೆ.

ಬಣ್ಣ ಮಿಕ್ಸ್ ಮಾಡಿಸುವಾಗ ‘ಮಾರುತಿ ಬಿಳಿ’ ಅಂದರೆ ಸಾಲದು. ಸುಪೀರಿಯರ್ ವೈಟ್ ಬೇರೆ, ಪರ್ಲ್ ಆರ್ಕ್ಟಿಕ್ ವೈಟ್ ಬೇರೆ. ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಇರುವ ಪ್ಲೇಟಿನಲ್ಲಿ ಬಣ್ಣದ ಕೋಡ್ ಇರುತ್ತದೆ. ಸುಪೀರಿಯರ್ ವೈಟ್‌ಗೆ 26ಯು, ಸಿಲ್ಕಿ ಸಿಲ್ವರ್‌ಗೆ ಝಡ್2ಎಸ್. ಕೋಡ್ ಕೊಟ್ಟರೂ ಅಷ್ಟಕ್ಕೇ ನಂಬಬೇಡಿ, ನಿಮ್ಮ ಕಾರು ಬಿಸಿಲಿಗೆ ಮಾಸಿರುತ್ತದೆ. ಒಂದು ತಗಡಿನ ತುಂಡಿಗೆ ಹೊಡೆಸಿ, ಒಣಗಿದ ಮೇಲೆ ಕಾರಿನ ಪಕ್ಕ ಹಿಡಿದು ನೋಡಿ. ಬೆಳಗಿನ ಬಿಸಿಲಲ್ಲೊಮ್ಮೆ, ನೆರಳಲ್ಲೊಮ್ಮೆ. ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿದ ಬಣ್ಣ ಬಿ.ಎಚ್. ರಸ್ತೆಗೆ ಬಂದರೆ ಬೇರೆಯೇ ಕಾಣುತ್ತದೆ. ಒಂದು ಬಾಗಿಲಿಗಷ್ಟೇ ಹೊಡೆಸುವುದಿದ್ದರೆ, ಮೆಟಾಲಿಕ್ ಬಣ್ಣವನ್ನು ಪಕ್ಕದ ಬಾಗಿಲ ಮೇಲೂ ಸ್ವಲ್ಪ ಹರಡಿ ಬೆರೆಸಬೇಕು. ಇಲ್ಲದಿದ್ದರೆ ಆ ಬಾಗಿಲೊಂದೇ ಬೇರೆ ಕಾರಿನಿಂದ ತಂದು ಹಾಕಿದಂತೆ ಕಾಣುತ್ತದೆ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಅಗ್ಗ, ಬೇಗ ಒಣಗುತ್ತದೆ, ಕೆಲವೇ ವರ್ಷಕ್ಕೆ ಮಂಕಾಗುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟ್ ಹಾಕಿಸಿ, ದುಬಾರಿಯಾದರೂ ಬಾಳಿಕೆ ಬರುತ್ತದೆ. ಅದರ ಆವಿ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಕರ್ಚೀಫು ಕಟ್ಟಿಕೊಂಡು ಮನೆಯಂಗಳದಲ್ಲಿ ಹೊಡೆಯುವ ಸಾಹಸ ಬೇಡ. ಕ್ಯಾನಿನಲ್ಲಿ ಬಿಡಿಯಾಗಿ ಸಿಗುವ ಹೆಸರಿಲ್ಲದ ಥಿನ್ನರ್ ಕೂಡ ಬೇಡ. ಮಳೆಗಾಲದ ತೇವದಲ್ಲಿ ಅದನ್ನು ಬೆರೆಸಿದ ಎನ್‌ಸಿ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಬಣ್ಣ ಹೊಡೆಯಲು ಮುಚ್ಚಿದ ಬೂತ್ ಇರುವ ಕಡೆಯೇ ಕೊಡಿ. ಹೆದ್ದಾರಿ ಪಕ್ಕದ ಶೆಡ್‌ನಲ್ಲಿ ಪ್ರತಿ ಲಾರಿ ಹೋದಾಗಲೂ ಹಸಿ ಬಣ್ಣದ ಮೇಲೆ ಧೂಳು ಬೀಳುತ್ತದೆ. ರಬ್ಬರ್ ಬೀಡಿಂಗ್, ಹಿಡಿಕೆ, ಕನ್ನಡಿ ಬಿಚ್ಚಿಸಿ, ಅದರ ಮೇಲೆ ಟೇಪ್ ಅಂಟಿಸಿ ಹೊಡೆಯಲು ಬಿಡಬೇಡಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಮಾತ್ರ ಬಿಚ್ಚಿಸಬೇಡಿ. ಅದರ ಲಾಕ್ ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ಅಲ್ಲಿ ಪೇಪರ್ ಮುಚ್ಚಿಸಿ.

ಹಂತ 6: ಬಣ್ಣ ಬದಲಾದರೆ ಆರ್‌ಸಿ

ಆರ್‌ಸಿಯಲ್ಲಿ ಬಣ್ಣದ ಕಾಲಂ ಇದೆ. ಬೇರೆ ಬಣ್ಣ ಹೊಡೆಸುವ ಮೊದಲೇ ಆರ್‌ಟಿಒಗೆ ಅರ್ಜಿ ಕೊಡಿ. ಹೊಡೆಸಿದ ಮೇಲೆ ಗಾಡಿ ತೋರಿಸಿ ನಮೂದಿಸಿ. ಇನ್ಶೂರೆನ್ಸಿಗೂ ಒಂದು ಇಮೇಲ್. ಅದೇ ಬಣ್ಣವಾದರೆ ಇದ್ಯಾವುದೂ ಬೇಡ, ಅದಕ್ಕೇ ನಾನು ಆಗಲೇ ಹೇಳಿದ್ದು.

ಹಂತ 7: ಮೊದಲ ತಿಂಗಳು

ಪಿಯು ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಒಂದು ತಿಂಗಳು ವ್ಯಾಕ್ಸ್, ಪಾಲಿಶ್ ಏನೂ ಬೇಡ. ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆಯುವುದು ಎಂದಿಗೂ ಬೇಡ. ಹುಣಸೆ ಮರದ ಕೆಳಗೆ ನಿಲ್ಲಿಸಿದರೆ ಹಕ್ಕಿ ಹಿಕ್ಕೆಯನ್ನು ಅವತ್ತೇ ನೀರು ಹಾಕಿ ನೆನೆಸಿ ತೆಗೆಯಿರಿ, ಒಣಗಿದ್ದನ್ನು ಉಗುರಿನಿಂದ ಕೆರೆಯಬೇಡಿ. ಮೊದಲ ವಾರಗಳಲ್ಲಿ ಮಕ್ಕಳನ್ನು ಕ್ಯಾತ್ಸಂದ್ರ ಕಡೆ ಹೆದ್ದಾರಿಗೂ ದೇವರಾಯನದುರ್ಗದ ತಿರುವುಗಳಿಗೂ ಬಿಡಬೇಡಿ. ಗೆಳೆಯರು ಅಲ್ಲಿಗೇ ಕರೆಯುತ್ತಾರೆ, ಗೊತ್ತಿರಲಿ.

ಶೆಡ್‌ನಿಂದ ಗಾಡಿ ತರುವ ದಿನ ಮಿಕ್ಕ ಬಣ್ಣವನ್ನು ಹಾರ್ಡ್‌ನರ್ ಬೆರೆಸದೆ, ಕಾಲು ಲೀಟರ್ ಆದರೂ ಡಬ್ಬಿಗೆ ಹಾಕಿಸಿಕೊಳ್ಳಿ. ಮುಚ್ಚಳ ಬಿಗಿ ಮಾಡಿ, ಮೇಲೆ ಕೋಡ್, ತಾರೀಕು, ಮಿಕ್ಸ್ ಮಾಡಿದ ಅಂಗಡಿ ಹೆಸರು ಬರೆದಿಡಿ. ಎಡಗಡೆಯ ಹಿಂದಿನ ಬಾಗಿಲಿಗೆ ಬೇಕಾಗುತ್ತದೆ. ಹೊಸಬರು ಗೇಟಿಗೆ ಉಜ್ಜುವುದು ಸಾಮಾನ್ಯವಾಗಿ ಅದನ್ನೇ.