ಕೆಂಪು ಮೇಪಲ್ ಕೊನೆಗೂ ಕೆಂಪಾಯಿತು: ನನ್ನ ಅನುಭವ

ಕೆಂಪು ಮೇಪಲ್ ಎಂದರೆ ಶರತ್ಕಾಲದಲ್ಲಿ ಎಲೆ ಕೆಂಪಾಗುವುದಕ್ಕೆ ಹೆಸರಾದ, ಉತ್ತರ ಅಮೆರಿಕದ ಮರ. ನನ್ನ ತೋಟದ ಕ್ಷಾರದ ಮಣ್ಣಿನಲ್ಲಿ ಅದು ಬದುಕಬಹುದು, ಆದರೆ ಬಣ್ಣ ಬರುವುದಿಲ್ಲ ಎಂದು ಗಿಡ ಬಲ್ಲವರೇ ಹೇಳಿದ್ದರು. ಕಳೆದ ಎರಡು ಶರತ್ಕಾಲದಲ್ಲೂ ನನ್ನ ಮರ ತುದಿಯಿಂದ ಕೆಳಗಿನ ರೆಂಬೆಯವರೆಗೆ ಕಡುಗೆಂಪಾಗಿ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಗುಂಡಿ ತೆಗೆಯುವುದು, ಊರುಗೋಲು ಕೊಡುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಹೋದ ಕಥೆ. ಬೀಜದ ಸಸಿ ಅಗ್ಗ, ಅದರಿಂದಲೇ ಶುರು ಮಾಡಿದೆ. ಈ ಮರದ ಬೀಜ ವಸಂತದ ಕೊನೆಗೆ ಉದುರುತ್ತದೆ. ಒಣಗಲು ಬಿಡದೆ ಕೂಡಲೇ ಬಿತ್ತಿದರೆ ಬೇಗ ಮೊಳೆಯುತ್ತದೆ, ಬೇರೆ ಎಷ್ಟೋ ಮೇಪಲ್‌ಗಳಂತೆ ಚಳಿಯಲ್ಲಿಟ್ಟು ತಿಂಗಳುಗಟ್ಟಲೆ ಕಾಯಬೇಕಿಲ್ಲ. ಸಸಿಗಳು ಚೆನ್ನಾಗಿಯೇ ಎದ್ದವು. ನಾಲ್ಕೈದು ವರ್ಷ ಕಾದ ಮೇಲೆ ಒಂದು ಹಳದಿಯಾಯಿತು, ಒಂದು ಮಾಸಲು ಕಿತ್ತಳೆ, ಇನ್ನೊಂದು ಹಸಿರು ಎಲೆಯನ್ನೇ ಉದುರಿಸಿತು. ಹೂವು, ಎಲೆತೊಟ್ಟು, ಎಳೆ ಕಡ್ಡಿ ಎಲ್ಲ ಕೆಂಪೇ. ಶರತ್ಕಾಲದ ಎಲೆ ಮಾತ್ರ ಸಸಿ ಸಸಿಗೂ ಬೇರೆ. ಬಣ್ಣಕ್ಕೇ ಬೆಳೆಸುವವರು ಬೀಜದ ಸಸಿಗೆ ಜಾಗ ಕೊಡಬಾರದು, ಇದು ನನ್ನ ಖಚಿತ ಅಭಿಪ್ರಾಯ.

ಅವುಗಳ ಪಕ್ಕದಲ್ಲೇ ಒಂದು ಕಸಿ ಗಿಡ ಇತ್ತು. ಸಸಿಯ ಹತ್ತು ಪಟ್ಟು ಬೆಲೆ. ಆಳೆತ್ತರ ದಾಟಿದ ಮೇಲೆ ಒಂದು ಗಾಳಿಗೆ ಕಸಿ ಕಟ್ಟಿದ ಕಡೆಯೇ ಮುರಿದು ಬಿತ್ತು. ಮುರಿದ ಜಾಗವನ್ನು ಕೈಯಲ್ಲಿ ಸವರಿ ನೋಡಿದೆ. ಗರಗಸದಲ್ಲಿ ಕೊಯ್ದಷ್ಟು ನಯ, ಒಂದು ನಾರು ಕೂಡ ಈ ಕಡೆಯಿಂದ ಆ ಕಡೆಗೆ ದಾಟಿರಲಿಲ್ಲ. ಕೆಂಪು ಮೇಪಲ್ ಕಸಿಗೆ ಇದು ಹಳೆಯ ಕಾಯಿಲೆ. ವರ್ಷಗಟ್ಟಲೆ ಚೆನ್ನಾಗಿದ್ದು ಆಮೇಲೆ ಕಸಿಯೂ ಬೇರುಗಿಡವೂ ಒಗ್ಗದೆ ಬಿಟ್ಟುಕೊಳ್ಳುತ್ತವೆ. ಅಂದಿನಿಂದ ಸ್ವಂತ ಬೇರಿನ ಗಿಡ ಬಿಟ್ಟು ಬೇರೆ ಮುಟ್ಟಿಲ್ಲ. ಕಡ್ಡಿಯಿಂದ ಮಾಡಿದ್ದಾದರೂ ಸರಿ, ಅಂಗಾಂಶ ಕೃಷಿಯದ್ದಾದರೂ (ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ ಬೆಳೆಸಿದ್ದು) ಸರಿ.

ತಳಿ ಆರಿಸುವಾಗ ನಿಮ್ಮಲ್ಲಿ ಗಟ್ಟಿ ಹಿಮ ಯಾವಾಗ ಬೀಳುತ್ತದೆ ನೋಡಿಕೊಳ್ಳಿ. ಅಕ್ಟೋಬರ್ ಗ್ಲೋರಿ ತಡವಾಗಿ ಬಣ್ಣ ತಿರುಗುತ್ತದೆ, ಹಿಮ ಮೊದಲೇ ಬಂದರೆ ಎಲೆ ಸುಟ್ಟು ಕಂದಾಗಿ ಬಿಡುತ್ತದೆ. ರೆಡ್ ಸನ್‌ಸೆಟ್ ಸ್ವಲ್ಪ ಮುಂಚೆ. ಆಟಮ್ ಬ್ಲೇಜ್ ಬೆಳ್ಳಿ ಮೇಪಲ್ ಜೊತೆ ಕೂಡಿಸಿದ ಮಿಶ್ರತಳಿ, ಸರಸರ ಬೆಳೆಯುತ್ತದೆ, ಆದರೆ ಕವಲು ಸರಿಯಾಗಿ ಕತ್ತರಿಸದಿದ್ದರೆ ಸೀಳುತ್ತದೆ. ನಾನು ಹಾಕಿದ್ದು ರೆಡ್ ಸನ್‌ಸೆಟ್. ಎಲೆ ಬಣ್ಣ ತಿರುಗುವ ಕಾಲದಲ್ಲೇ ಹೋಗಿ, ಕಣ್ಣಾರೆ ನೋಡಿ ತಂದೆ.

ಕುಂಡದಿಂದ ತೆಗೆದಾಗ ಬೇರು ಸುತ್ತು ಹೊಡೆದು ಬಳೆಯಂತೆ ಕೂತಿತ್ತು. ಮಾರಿದವರು ಬುಡವನ್ನು ಮಣ್ಣಿನಲ್ಲಿ ನಾಲ್ಕು ಬೆರಳು ಹೂತಿದ್ದರು. ಬೇರುಂಡೆಯ ಹೊರಸುತ್ತನ್ನು ನಾಲ್ಕೂ ಕಡೆ ಗರಗಸದಿಂದ ಕೊಯ್ದು ಹಾಕಿದೆ. ಬೇರು ಕವಲೊಡೆಯುವ ಜಾಗ ಕಾಣುವ ತನಕ ಮೇಲಿನ ಮಣ್ಣು ಕೆರೆದೆ. ನೋಡಿದವರು ಗಿಡ ಸತ್ತೇ ಹೋಯಿತು ಎಂದರು. ಮೊದಲ ವರ್ಷ ಬೆಳವಣಿಗೆ ಅಷ್ಟಕ್ಕಷ್ಟೇ, ಎರಡನೇ ವರ್ಷದಿಂದ ಮೊಳಕೈ ಉದ್ದದ ಚಿಗುರು.

ಇಷ್ಟಾದರೂ ಬೇಸಿಗೆ ಮಧ್ಯದಲ್ಲಿ ಎಲೆ ಹಳದಿ, ನರ ಮಾತ್ರ ಹಸಿರು. ಎಲ್ಲರೂ ಹೇಳಿದ್ದು ಕಬ್ಬಿಣದ ಕೊರತೆ ಎಂದು. ಕಬ್ಬಿಣದ ಟಾನಿಕ್ಕಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಗಿಡವೇ ಬರುತ್ತಿತ್ತು, ಒಂದು ಎಲೆಯೂ ತಿರುಗಲಿಲ್ಲ. ಆಗ ಒಂದು ರೆಂಬೆಯ ಎಲೆಗೆ ಕಬ್ಬಿಣದ ಸಲ್ಫೇಟ್, ಪಕ್ಕದ ರೆಂಬೆಗೆ ಮ್ಯಾಂಗನೀಸ್ ಸಲ್ಫೇಟ್, ತೀರಾ ತೆಳುವಾಗಿ ಕಲಸಿ ಕುಂಚದಲ್ಲಿ ಬಳಿದೆ. ಎರಡು ವಾರದ ಹೊತ್ತಿಗೆ ಮ್ಯಾಂಗನೀಸ್ ಬಳಿದ ಎಲೆಗಳು ಹಸಿರಾದವು. ಕುಂಚ ತಾಗದೆ ಉಳಿದ ಮೂಲೆ ಹಳದಿಯಾಗಿಯೇ ಇತ್ತು, ಗೆರೆ ಎಳೆದಷ್ಟು ಸ್ಪಷ್ಟ. ಕ್ಷಾರದ ಮಣ್ಣಿನಲ್ಲಿ ಕೆಂಪು ಮೇಪಲ್‌ಗೆ ಹೆಚ್ಚಾಗಿ ಕೊರತೆಯಾಗುವುದು ಮ್ಯಾಂಗನೀಸ್. ಬೇಸಿಗೆಯಲ್ಲಿ ಸೊರಗಿದ ಎಲೆಗೆ ಶರತ್ಕಾಲದಲ್ಲಿ ಕೆಂಪು ಎಲ್ಲಿಂದ ಬರಬೇಕು, ಅಲ್ವಾ?

ಸಿಂಪಡಣೆ ಆ ವರ್ಷಕ್ಕೆ ಮಾತ್ರ. ಮಣ್ಣನ್ನೇ ಹುಳಿಗೆ ತಿರುಗಿಸಬೇಕು. ಮೊದಲು ಒಣ ಮಣ್ಣಿಗೆ ವಿನೆಗರ್ ಹಾಕಿ ನೋಡಿ. ಜುಂಯ್ ಎಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದರ್ಥ, ಹುಳಿ ಮಾಡುವ ಗಂಧಕಕ್ಕೆ ದುಡ್ಡು ಹಾಕಬೇಡಿ, ಆ ಸುಣ್ಣವನ್ನು ಗೆಲ್ಲಲು ಆಗುವುದಿಲ್ಲ. ನನ್ನದರಲ್ಲಿ ನೊರೆ ಬರಲಿಲ್ಲ, ಪಿಎಚ್ (ಹುಳಿ-ಕ್ಷಾರದ ಅಳತೆ, ಏಳಕ್ಕಿಂತ ಕಡಿಮೆ ಎಂದರೆ ಹುಳಿ) ಏಳೂವರೆ ಹತ್ತಿರ ಇತ್ತು. ಗಂಧಕದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ಕೊಟ್ಟೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡಬೇಕು, ಆದ್ದರಿಂದ ಚಳಿಯಲ್ಲಿ ಹಾಕಿದ್ದು ಸುಮ್ನೆ ಕೂತಿರುತ್ತದೆ. ನಲ್ಲಿ ನೀರು ಗಡುಸಾಗಿದ್ದರಿಂದ ಮಳೆನೀರು ಹಿಡಿದಿಟ್ಟು ಕೊಟ್ಟೆ. ಎರಡು ಮೂರು ವರ್ಷಕ್ಕೆ ಪಿಎಚ್ ಆರು ಚಿಲ್ಲರೆಗೆ ಇಳಿಯಿತು. ಬುಡದ ಸುತ್ತ ಎರಡು ಹಿಡಿ ಅಗಲ ಬಿಟ್ಟು ಮುಚ್ಚಿಗೆ (ಮಲ್ಚ್) ಹಾಸಿದ್ದೇನೆ. ಅದಕ್ಕೆ ಏನೇನು ಬೆರೆಸಿದೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಬಣ್ಣದ ವಿಷಯ. ಹಳದಿ ಎಲೆಯಲ್ಲಿ ಮೊದಲೇ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ. ಕೆಂಪು ಹಾಗಲ್ಲ, ಅದನ್ನು ಮರ ಆಗಲೇ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ತಯಾರಿಸಬೇಕು. ಅದಕ್ಕೆ ಬೇಕಾದ್ದು ಹಗಲು ಬಿಸಿಲು, ರಾತ್ರಿ ಐದಾರು ಡಿಗ್ರಿ ಚಳಿ, ಹಿಮ ಮಾತ್ರ ಬೇಡ. ಹವೆ ನಮ್ಮ ಕೈಯಲ್ಲಿಲ್ಲ, ಬಿಸಿಲು ಇದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಇಲ್ಲದ ಜಾಗ ನನಗೆ ಬೇಡವೇ ಬೇಡ. ಸಾರಜನಕದ ಗೊಬ್ಬರ ವಸಂತದಲ್ಲಿ ಮಾತ್ರ. ಬೇಸಿಗೆ ಮಧ್ಯದ ಮೇಲೆ ಕೊಟ್ಟರೆ ಮರ ಚಿಗುರುತ್ತಲೇ ಇರುತ್ತದೆ, ಎಲೆ ಹಸಿರಾಗಿಯೇ ಹಿಮಕ್ಕೆ ಸಿಗುತ್ತದೆ. ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಕೂಡ ಮರಕ್ಕೇ ಹೋಗುತ್ತದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಬೇಸಿಗೆ ಮುಗಿಯುವಾಗ ನೀರನ್ನು ಸ್ವಲ್ಪ ಕಡಿಮೆ ಮಾಡಿದೆ, ಎಲೆ ಬಾಡುವಷ್ಟಲ್ಲ. ಎಷ್ಟು, ಯಾವ ವಾರದಿಂದ ಎಂಬ ಲೆಕ್ಕ ಮರ ನೋಡಿಯೇ ಕಲಿಯಬೇಕು.

ಬಿಸಿಲಿನ ಮಾತು ನಿಜವೋ ಎಂದು ನೋಡಲು ಹಸಿರು ಎಲೆಗೆ ಬೆಳ್ಳಿಕಾಗದದ ಪಟ್ಟಿ ಸುತ್ತಿ ಬಿಟ್ಟಿದ್ದೆ. ಎಲೆಯೆಲ್ಲ ಕೆಂಪಾದ ಮೇಲೆ ಬಿಚ್ಚಿದರೆ ಪಟ್ಟಿಯ ಅಗಲಕ್ಕೆ ಸರಿಯಾಗಿ ಹಳದಿ! ಈ ಎಲೆಯನ್ನು ತೋರಿಸಿದ ಮೇಲೆಯೇ ಕೆಲವರು ನನ್ನ ಮಾತು ನಂಬಿದ್ದು. ಕುದುರೆ ಸಾಕಿದವರಿಗೆ ಮಾತ್ರ ಒಂದು ಎಚ್ಚರಿಕೆ: ಬಾಡಿದ, ಒಣಗಿದ ಕೆಂಪು ಮೇಪಲ್ ಎಲೆ ಕುದುರೆಗೆ ವಿಷ, ಗುಡಿಸಿದ ರಾಶಿಯನ್ನು ಅವುಗಳ ಹತ್ತಿರ ಬಿಡಬೇಡಿ.

ಪರಿಚಿತರ ಹಳೆಯ ದಪ್ಪ ಮರದಿಂದ ಚಳಿಗಾಲದ ಕೊನೆಗೆ ರಸ ಇಳಿಸಿಯೂ ನೋಡಿದೆ. ಸಿರಪ್ ಬಂತು, ರುಚಿಯೂ ಇತ್ತು. ಆದರೆ ಒಂದು ಲೀಟರ್ ಸಿರಪ್‌ಗೆ ಸುಮಾರು ಅರವತ್ತು ಲೀಟರ್ ರಸ ಕುದಿಸಬೇಕು, ಸಕ್ಕರೆ ಮೇಪಲ್‌ಗೆ ನಲವತ್ತು ಸಾಕು. ಮೊಗ್ಗು ಬೇಗ ಉಬ್ಬುವುದರಿಂದ ರಸ ಬೇಗ ಕೆಡುತ್ತದೆ. ಉರುವಲಿನ ಖರ್ಚು ಗಿಟ್ಟುವುದಿಲ್ಲ.

ಈಗ ಕಡ್ಡಿಯಿಂದ ಗಿಡ ಎಬ್ಬಿಸುತ್ತಿದ್ದೇನೆ. ಬೇಸಿಗೆಯ ಶುರುವಿನಲ್ಲಿ, ಚಿಗುರು ಬಗ್ಗಿಸಿದರೆ ಪಟ್ ಎಂದು ಮುರಿಯುವ ಹದದಲ್ಲಿ ತೆಗೆದ ಕಡ್ಡಿಗೆ ಬೇರು ಬರುತ್ತದೆ. ತೊಂದರೆ ಇರುವುದು ಬೇರಿನಲ್ಲಲ್ಲ, ಚಳಿಗಾಲದಲ್ಲಿ. ಬೇರು ಬಂದ ಮೇಲೆ ಒಂದು ಜೊತೆ ಹೊಸ ಎಲೆಯನ್ನಾದರೂ ಬಿಡದ ಕಡ್ಡಿ ವಸಂತದಲ್ಲಿ ಏಳುವುದು ಕಷ್ಟ. ಈ ಸಲ ಅರ್ಧಕ್ಕಿಂತ ಜಾಸ್ತಿ ಎಲೆ ಬಿಟ್ಟಿವೆ.