ಮಡ್ ಡೈರೆಕ್ಟರಿಯ ಹುಡುಕಾಟ ಸರಿಹೋಗಿದ್ದು ಹೀಗೆ

ಮಡ್ ಅಂದರೆ ಹಲವರು ಆನ್‌ಲೈನಿನಲ್ಲಿ ಒಟ್ಟಿಗೆ ಆಡುವ ಪಠ್ಯ ಆಟ. ನನ್ನ ಮಡ್ ಪಟ್ಟಿಯಲ್ಲಿ ‘ಫ್ಯಾಂಟಸಿ’ ಅನ್ನೋ ವಿಭಾಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಏಳೆಂಟು ನೂರು ಮಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರೊಳಗೇ ಕೂತಿದ್ದವು. ಉಪವಿಭಾಗ ಸೇರಿಸಿ ಅಂತ ಎಲ್ಲರೂ ಹೇಳಿದರು. ನಾನು ವಿಭಾಗಗಳನ್ನೇ ಕಿತ್ತು ಆರು ಗುಣ ಇಟ್ಟೆ: ಕಥಾಲೋಕ, ಆಟದ ಬಗೆ, ಕೋಡ್‌ಬೇಸ್ (ಆಟ ಕಟ್ಟಿದ ಮೂಲ ಕೋಡ್) ವಂಶ, ರೋಲ್‌ಪ್ಲೇ ಮಟ್ಟ, ಪಿಕೆ (ಆಟಗಾರರು ಒಬ್ಬರನ್ನೊಬ್ಬರು ಕೊಲ್ಲುವುದು) ಮಟ್ಟ, ಸ್ಕ್ರೀನ್ ರೀಡರ್ ಬೆಂಬಲ. ‘ಅಷ್ಟು ಗುಂಡಿ ಯಾರು ಒತ್ತುತ್ತಾರೆ’ ಅಂದರು. ಒತ್ತುತ್ತಾರೆ. ಮೊದಲು ಮೂರರಲ್ಲಿ ಒಂದು ಹುಡುಕಾಟ ಬರಿಗೈಲಿ ಮರಳುತ್ತಿತ್ತು, ಈಗ ಹೆಚ್ಚೆಂದರೆ ಇಪ್ಪತ್ತಕ್ಕೆ ಒಂದು.

ಹಲವು ಆಯ್ಕೆ ಒತ್ತಿದಾಗ ಒಂದೇ ಗುಣದೊಳಗೆ ‘ಅಥವಾ’, ಗುಣಗಳ ನಡುವೆ ‘ಮತ್ತು’. ಇದು ಗೊತ್ತಿದ್ದದ್ದೇ. ಕೈಕೊಡುವುದು ಪ್ರತಿ ಆಯ್ಕೆಯ ಮುಂದೆ ತೋರಿಸುವ ಆಟಗಳ ಸಂಖ್ಯೆ. ಒಂದು ಗುಣದ ಸಂಖ್ಯೆ ಎಣಿಸುವಾಗ ಆ ಗುಣದ ಫಿಲ್ಟರ್ ಬಿಟ್ಟು ಉಳಿದ ಐದನ್ನಷ್ಟೇ ಹಚ್ಚಬೇಕು. ಇಲ್ಲದಿದ್ದರೆ ಹಾರರ್ ಒತ್ತಿದ ಕೂಡಲೇ ಸೈಫೈ ಮುಂದೆ ಸೊನ್ನೆಯೋ ಒಂದೋ ಬಂದು, ಜನ ಅದನ್ನು ಮುಟ್ಟುವುದೇ ಇಲ್ಲ.

ಮಾಹಿತಿ ಬರುವುದು ಎಂಎಸ್‌ಎಸ್‌ಪಿಯಿಂದ, ಅಂದರೆ ಮಡ್ ಸರ್ವರ್ ತನ್ನ ವಿವರ ತಾನೇ ಹೇಳುವ ಪ್ರೋಟೋಕಾಲ್‌ನಿಂದ. ಸರ್ವರ್ 255 251 70 (‘ವಿವರ ಕೊಡಬಲ್ಲೆ’) ಬೈಟ್‌ಗಳನ್ನು ಕಳಿಸುತ್ತದೆ, ನಾವು 255 253 70 (‘ಕೊಡು’) ಅಂತೀವಿ. ಆಮೇಲೆ ಬರುವ ಉತ್ತರದಲ್ಲಿ ಹೆಸರಿನ ಮುಂದೆ 1, ಮೌಲ್ಯದ ಮುಂದೆ 2. ಒಂದೇ ಹೆಸರಿಗೆ ಎರಡು ಮೌಲ್ಯ ಇದ್ದರೆ 2 ಮಾತ್ರ ಮರುಕಳಿಸುತ್ತದೆ. ಇದನ್ನು ಓದುವ ಕೆಲವು ಪ್ರೋಗ್ರಾಂಗಳು (ಪಾರ್ಸರ್) ಹಿಂದಿನದನ್ನು ಅಳಿಸಿ ಕೊನೆಯದನ್ನಷ್ಟೇ ಉಳಿಸಿಕೊಳ್ಳುತ್ತವೆ. ಉತ್ತರ ಎರಡು ತುಂಡಾಗಿ ಬರುವುದೂ ಉಂಟು, ಮುಗಿಯಿತು ಅನ್ನುವ 255 240 ಕಾಣುವವರೆಗೆ ಬಫರ್ ಬಿಡಬೇಡಿ. ಸರ್ವರ್ 86 (ಕಂಪ್ರೆಷನ್) ಕೊಡುತ್ತೇನೆ ಅಂದರೆ 255 254 86 ಅಂತ ನಿರಾಕರಿಸಿ, ಇಲ್ಲವಾದರೆ ಕಂಪ್ರೆಸ್ ಆದ ಕಸ ಬರುತ್ತದೆ. ಕ್ರಾಲ್ ಡಿಲೇ (ಮತ್ತೆ ಕೇಳುವ ಮುನ್ನ ಕಾಯಬೇಕಾದ ಹೊತ್ತು) ಕೊಟ್ಟಿದ್ದರೆ ಅದು ಗಂಟೆಗಳ ಲೆಕ್ಕ. ಮೀರಿದರೆ ಅಡ್ಮಿನ್‌ಗಳು ಐಪಿ ಮುಚ್ಚುತ್ತಾರೆ.

ಬಂದ ಪದಗಳನ್ನು ಒಂದೇ ರೂಪಕ್ಕೆ ತರಲು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟ್ರೈಗ್ರಾಮ್ (ಮೂರಕ್ಷರದ ತುಣುಕುಗಳ) ಹೋಲಿಕೆ ಹಚ್ಚಿ ನೋಡಿದೆ. ‘ರಾಮ್’ (ROM) ಕೋಡ್‌ಬೇಸ್ ಹುಡುಕಿದರೆ ರೊಮಾನ್ಸ್ ಆಟಗಳು ಬಂದವು! ಇಂಗ್ಲಿಷ್ ಅಕ್ಷರಗಳಲ್ಲಿ ಎರಡರದ್ದೂ ಶುರು ಒಂದೇ, ಹೋಲಿಕೆ 0.33; ಡೀಫಾಲ್ಟ್ ಮಿತಿ 0.3. ನಾಲ್ಕಕ್ಷರಕ್ಕಿಂತ ಚಿಕ್ಕ ಪದಕ್ಕೆ ಈಗ ಪೂರ್ತಿ ಹೊಂದಿಕೆ ಮಾತ್ರ, ಉಳಿದದ್ದಕ್ಕೆ ಕೈಯಿಂದ ಬರೆದ ನೂರೈವತ್ತು ಸಾಲಿನ ಸಮಾನಪದ ಪಟ್ಟಿ. ಬೇಜಾರಿನ ಕೆಲಸ, ಆದರೆ ಇದರಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಕೋಡ್‌ಬೇಸಿಗೆ ವಂಶಾವಳಿ ಬೇಕು. ಡಿಕು ಅನ್ನೋ ಹಳೆಯ ಕೋಡ್‌ಬೇಸಿನಿಂದ ಮರ್ಕ್, ಮರ್ಕ್‌ನಿಂದ ರಾಮ್. ಡಿಕು ಹುಡುಕಿದವರಿಗೆ ಮೊಮ್ಮಕ್ಕಳೂ ಸಿಗಬೇಕು. ಡಿಕುವಿನ ಹಳೆಯ ಪರವಾನಗಿ ಲಾಭ ಮಾಡಲು ಬಿಡುವುದಿಲ್ಲ, ಹಾಗಾಗಿ ಡಿಕು ವಂಶವೂ ಇದ್ದು ‘ಹಣ ಕೊಟ್ಟು ಆಡಿ’ ಅಂತಲೂ ಇದ್ದರೆ ಆ ನಮೂದು ತಪಾಸಣೆಗೆ ಹೋಗುತ್ತದೆ.

ಮಿತಿ ಇಲ್ಲದಿದ್ದರೆ ಆಟದ ಅಡ್ಮಿನ್‌ಗಳು ಎಲ್ಲ ಚೌಕಕ್ಕೂ ಟಿಕ್ ಹಾಕುತ್ತಾರೆ. ಆಟದ ಬಗೆಗೆ ಮೂರರ ಮಿತಿ ಹಾಕಿದ ಮೇಲೆ ಸದ್ದಡಗಿತು. ಆಟಗಾರರ ಸಂಖ್ಯೆಯೂ ಅವರೇ ಹೇಳಿದ್ದು, ಸುಮ್ಮನೆ ಕೂತ ಪಾತ್ರಗಳೂ ಸೇರಿರುತ್ತವೆ. ಹಲವು ಹೊತ್ತಿನ ಮಾದರಿಗಳ ಮಧ್ಯಾಂಕ ತೆಗೆಯುತ್ತೇನೆ, ಅದರ ಮೇಲೆ ಇನ್ನೊಂದು ತಿದ್ದುಪಡಿ ಇದೆ. ಅದನ್ನು ಬರೆದರೆ ಮರುದಿನವೇ ಅದಕ್ಕೆ ತಕ್ಕ ಬಾಟ್‌ಗಳು ಹುಟ್ಟುತ್ತವೆ, ಬೇಡ.

ಲಾಗಿನ್ ಪರದೆಯ ಪಠ್ಯದಿಂದ ಕಥಾಲೋಕ ಊಹಿಸುವ ಪ್ರಯೋಗವೂ ಆಯಿತು. ಸಿಕ್ಕಿದ್ದು ಅಡ್ಡಗೀಟು, ಚುಕ್ಕಿಗಳಲ್ಲಿ ಬರೆದ ಡ್ರ್ಯಾಗನ್‌ಗಳು.

ದುಡ್ಡಿನ ಮಾತು: ಹೋಸ್ಟೆಡ್ ಸರ್ಚ್ ಸೇವೆಯ ತಿಂಗಳ ಬಿಲ್ಲು ಸರ್ವರ್ ಬಾಡಿಗೆಯ ಮೂರು ಪಟ್ಟು ಬರುತ್ತಿತ್ತು. ಪೋಸ್ಟ್‌ಗ್ರೆಸ್‌ನ ಅರೇ ಕಾಲಮ್ಮುಗಳಿಗೆ ಬಂದಮೇಲೆ ಹೆಚ್ಚುವರಿ ಖರ್ಚಿಲ್ಲ. ಎಂಟುನೂರು ಸಾಲಿಗೆ ಹುಡುಕಾಟ ಚುರುಕಾಗಿಸುವ ಜಿನ್ ಇಂಡೆಕ್ಸ್ ಕೂಡ ಶೋಕಿಯೇ.

ಈಗ ‘ಬೇಡ’ ಫಿಲ್ಟರ್ ಪರೀಕ್ಷೆಯಲ್ಲಿದೆ: ಎರಡನೇ ಸಲ ಒತ್ತಿದರೆ ಆ ಬಗೆಯನ್ನು ಹೊರಗಿಡುತ್ತದೆ. ಎಸ್‌ಕ್ಯೂಎಲ್‌ನಲ್ಲಿ ‘ಪಿಕೆ ಓಪನ್ ಅಲ್ಲ’ ಅಂದರೆ ಪಿಕೆ ನಲ್ (ಖಾಲಿ) ಇರುವ ಆಟಗಳೂ ಮಾಯವಾಗುತ್ತವೆ. ಅವನ್ನು ಬೇರೆಯಾಗಿ ಹೆಕ್ಕಿ, ‘ತಿಳಿಸಿಲ್ಲ’ ಅನ್ನೋ ಗುರುತಿನೊಂದಿಗೆ ಫಲಿತಾಂಶದ ತಳಕ್ಕೆ ಹಾಕುತ್ತಿದ್ದೇನೆ.